ಭೂತದ ಮುಖವಾಡ ಕಳಚುವ ಕಾರ್ಟೂನು

ಮ್ಯೂಸಿಯಂ ಸೇರಬೇಕಿದ್ದ ಕಪ್ಪು ಯುದ್ಧಕವಚವೊಂದು ರಸ್ತೆಬದಿ ನಿಂತ ಪಿಕಪ್ ಗಾಡಿಯಲ್ಲಿ ಸಿಗುತ್ತದೆ. ಅದನ್ನು ತರುತ್ತಿದ್ದ ಇಂಗ್ಲೆಂಡಿನ ಪ್ರೊಫೆಸರ್ ನಾಪತ್ತೆ. ಹುಣ್ಣಿಮೆಯ ರಾತ್ರಿ ಈ ಕವಚಕ್ಕೆ ಜೀವ ಬರುತ್ತದೆಂಬ ಪ್ರತೀತಿ ಬೇರೆ ಇದೆ. ನಾಲ್ವರು ಹುಡುಗ ಹುಡುಗಿಯರಿಗೂ ಅವರ ಪುಕ್ಕಲು ನಾಯಿಗೂ ಅಲ್ಲಿ ಸಿಗುವುದು ಒಂದು ವಿಚಿತ್ರ ಕನ್ನಡಕ. ಅದು ಯಾರ ಕನ್ನಡಕವೆಂದು ಊಹಿಸುತ್ತ ಕೂರದೆ ಅವರು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆರೆಯುತ್ತಾರೆ. ಪುರಾತತ್ವಜ್ಞರು ಬಳಸುವ ಕನ್ನಡಕವದು ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಮ್ಯೂಸಿಯಮ್ಮಿನ ಗೋಡೆಯಿಂದ ಚಿತ್ರಪಟ ಮಾಯವಾಗುತ್ತದೆ, ಬಣ್ಣದ ಸುಳಿವು ಸಿಗುತ್ತದೆ. ಕೊನೆಗೆ ಓಡಾಡುತ್ತಿದ್ದ ‘ಭೂತ’ದ ಶಿರಸ್ತ್ರಾಣ ತೆಗೆದರೆ ಒಳಗಿರುವವನು ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮನುಷ್ಯನೇ! ಅಸಲಿ ಚಿತ್ರ ಕದ್ದು ನಕಲಿ ತೂಗುಹಾಕುವುದು ಅವನ ದಂಧೆ. 1969ರ ಸೆಪ್ಟೆಂಬರ್ 13ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ‘ಸ್ಕೂಬಿ-ಡೂ’ ಸರಣಿಯ ಮೊದಲ ಕಂತಿನ ಕಥೆ ಇದು.

ಹನ್ನಾ-ಬಾರ್ಬೆರಾ ಸಂಸ್ಥೆಗಾಗಿ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ರೂಪಿಸಿದ ಈ ಸರಣಿಗೆ ವೈಜ್ಞಾನಿಕ ಮನೋಭಾವ ಬೆಳೆಸುವ ಉದ್ದೇಶವೇನೂ ಇರಲಿಲ್ಲ. ಶನಿವಾರ ಬೆಳಗಿನ ಕಾರ್ಟೂನುಗಳಲ್ಲಿ ಹೊಡೆದಾಟ ಅತಿಯಾಯಿತೆಂದು ಆಗ ಅಲ್ಲಿನ ಪೋಷಕರು ತಿರುಗಿಬಿದ್ದಿದ್ದರು. ಹೊಡೆದಾಟವಿಲ್ಲದ, ಆದರೂ ಮಕ್ಕಳು ಎದ್ದುಹೋಗದ ಕಥೆಯೊಂದು ವಾಹಿನಿಗೆ ಬೇಕಿತ್ತು. ವ್ಯಾಪಾರದ ಲೆಕ್ಕಾಚಾರದಲ್ಲಿ ಹುಟ್ಟಿದ ಆ ಸೂತ್ರದಿಂದ ಒಂದು ದೊಡ್ಡ ಕೆಲಸ ತಾನಾಗಿ ಆಗಿಹೋಯಿತು. ಭಯ ಹುಟ್ಟಿಸುವ ಮಾತು ಕಿವಿಗೆ ಬಿದ್ದಾಗ, ‘ಇದನ್ನು ನಂಬಿದರೆ ಲಾಭ ಯಾರಿಗೆ?’ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಸಿಕ್ಕಿತು. ಮೊದಲ ಸರಣಿಯ ಭೂತಗಳ ಹಿಂದೆ ಹೆಚ್ಚಾಗಿ ಇರುವವರು ಕಳ್ಳಸಾಗಣೆಯವರು, ಆಸ್ತಿಗೆ ಕಣ್ಣು ಹಾಕಿದವರು, ಖೋಟಾ ವ್ಯವಹಾರದವರು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1995ರಲ್ಲಿ ಪ್ರಕಟವಾದ ‘ದ ಡೀಮನ್-ಹಾಂಟೆಡ್ ವರ್ಲ್ಡ್’ ಪುಸ್ತಕದಲ್ಲಿ ಟಿವಿಯ ಅತೀಂದ್ರಿಯ ಕಥೆಗಳನ್ನು ತರಾಟೆಗೆ ತೆಗೆದುಕೊಳ್ಳುತ್ತ, ದೊಡ್ಡವರಿಗೂ ಒಂದು ಸ್ಕೂಬಿ-ಡೂ ಬಂದರೆ ಸಮಾಜಕ್ಕೆ ಉಪಕಾರ ಎಂಬ ಅಭಿಪ್ರಾಯ ಕೊಟ್ಟಿದ್ದರು. ಮುಂದೆ ಇದೇ ಹೆಸರಿನ ಕೆಲವು ಚಿತ್ರಗಳಲ್ಲಿ ನಿಜವಾದ ಭೂತ ಪಿಶಾಚಿಗಳೇ ಬಂದವು. 1998ರ ‘ಝಾಂಬಿ ಐಲ್ಯಾಂಡ್’ ಅಂಥದ್ದು. ಅದನ್ನು ಮೆಚ್ಚಿದವರು ಬಹಳ ಮಂದಿ. ನನ್ನ ಮಟ್ಟಿಗೆ ಅದು ಸರಣಿಯ ಬೇರನ್ನೇ ಕಿತ್ತ ಕೆಲಸ.

ಹಾಗೆಂದು ಸ್ಕೂಬಿ-ಡೂ ನೋಡಿದ ಮಗು ತಾನಾಗಿಯೇ ವಿಚಾರವಂತವಾಗುತ್ತದೆಂದು ಹೇಳಲಾಗದು. ಅಲ್ಲಿ ಯೋಚಿಸುವವಳು ಆ ನಾಲ್ವರಲ್ಲಿ ಒಬ್ಬಳಾದ ವೆಲ್ಮಾ, ಮಗು ಬರೀ ಪ್ರೇಕ್ಷಕ. ಕಥೆ ಎಷ್ಟು ವೇಗವಾಗಿ ಓಡುತ್ತದೆಂದರೆ ಸುಳಿವುಗಳನ್ನು ಕೂಡಿಸಿ ನೋಡಲು ಪುರುಸೊತ್ತೇ ಇಲ್ಲ. ಈ ಕೊರತೆಗೆ ಉತ್ತರ ಕೊಟ್ಟದ್ದು 1996ರಲ್ಲಿ ನಿಕಲೋಡಿಯನ್ ವಾಹಿನಿಯಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’. ನೀಲಿ ನಾಯಿಮರಿ ಮೂರು ವಸ್ತುಗಳ ಮೇಲೆ ಹೆಜ್ಜೆಗುರುತು ಬಿಡುತ್ತದೆ; ಆ ಮೂರನ್ನೂ ಸೇರಿಸಿ, ಅದಕ್ಕೆ ಬೇಕಾದದ್ದು ಏನೆಂದು ಕಂಡುಹಿಡಿಯಬೇಕು. ನಿರೂಪಕ ಪ್ರಶ್ನೆ ಕೇಳಿ, ತೆರೆಯಿಂದ ನೇರವಾಗಿ ನೋಡುತ್ತ ಸುಮ್ಮನೆ ನಿಲ್ಲುತ್ತಾನೆ. ದೊಡ್ಡವರಿಗೆ ಮುಜುಗರವಾಗುವಷ್ಟು ದೀರ್ಘ ಮೌನ ಅದು, ಆದರೆ ನಾಲ್ಕು ವರ್ಷದ ಮಗುವಿಗೆ ಯೋಚಿಸಲು ಅಷ್ಟು ಹೊತ್ತು ಬೇಕು. ಆರಂಭದಲ್ಲಿ ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ತೋರಿಸುತ್ತಿದ್ದರು. ಬೇಸರವಾಗಬಹುದು ಎಂಬ ಅಂಜಿಕೆ ಸುಳ್ಳಾಯಿತು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಂತೆ, ಐದು ಸಲ ನೋಡಿದ ಮಕ್ಕಳು ಕಥೆಯನ್ನು ಹೆಚ್ಚು ಚೆನ್ನಾಗಿ ಗ್ರಹಿಸಿದ್ದಲ್ಲದೆ, ತೆರೆಗೆ ಉತ್ತರ ಕೂಗಿ ಹೇಳುವುದೂ ಹೆಚ್ಚಾಯಿತು. ಎಂದರೆ ಕಥಾವಸ್ತುವಿನಷ್ಟೇ ಅದನ್ನು ಹೇಳುವ ಗತಿಯೂ ಮುಖ್ಯ.

ನಮ್ಮ ಉಪಖಂಡದಲ್ಲೂ ಇಂಥ ಕಾರ್ಟೂನು ಹುಟ್ಟಿದೆ. ಯುನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಮಕ್ಕಳಿಗಾಗಿ ತಂದ ‘ಮೀನಾ’ದ ರೂಪದ ಹಿಂದೆ ಮುಂಬಯಿಯ ಅನಿಮೇಷನ್ ಕಲಾವಿದ ರಾಮ್ ಮೋಹನ್ ಇದ್ದರು. ಒಂದು ಕಂತಿನಲ್ಲಿ ಶಾಲೆಗೆ ಕಳಿಸದ ಹುಡುಗಿ ಮೀನಾ ತನ್ನ ಗಿಳಿ ಮಿಠುವನ್ನು ಶಾಲೆಯ ಕಿಟಕಿಗೆ ಕಳಿಸುತ್ತಾಳೆ. ಅದು ಕೇಳಿಸಿಕೊಂಡು ಬಂದ ಎಣಿಕೆಯನ್ನು ಕಲಿತು ಮನೆಯ ಕೋಳಿಗಳನ್ನು ಎಣಿಸುತ್ತಾಳೆ, ಒಂದು ಕಮ್ಮಿ ಬೀಳುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಹೆಣ್ಣುಮಕ್ಕಳನ್ನು ಓದಿಸಬೇಕೆಂದು ಅಲ್ಲಿ ಯಾರೂ ಭಾಷಣ ಬಿಗಿಯುವುದಿಲ್ಲ. ಅಪ್ಪನ ಮನಸ್ಸು ತಿರುಗುವುದು ಕೋಳಿಗಳ ಲೆಕ್ಕದಿಂದ. ಇದರ ಪಕ್ಕದಲ್ಲಿ 2008ರಿಂದ ಮನೆಮಾತಾಗಿರುವ ‘ಛೋಟಾ ಭೀಮ್’ ಇಟ್ಟು ನೋಡಿ. ಭೀಮ ಒಳ್ಳೆಯ ಹುಡುಗ, ಧೈರ್ಯವಂತ. ಆದರೆ ಅವನ ಊರು ಧೋಲಕ್‌ಪುರಕ್ಕೆ ಕಷ್ಟ ಬಂದಾಗ ಬಹುಪಾಲು ಪರಿಹಾರ ಸಿಗುವುದು ಲಡ್ಡು ತಿಂದ ತೋಳಿನಿಂದ, ತಲೆಯಿಂದಲ್ಲ.

ಮಕ್ಕಳಿಗೆ ಟಿವಿಯೇ ಬೇಡ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಾಗಿರುವಾಗ ಆ ಒಂದು ಗಂಟೆಗೆ ಏನನ್ನು ಆರಿಸುತ್ತೇವೆ ಎಂಬುದು ಇನ್ನಷ್ಟು ಮುಖ್ಯವಾಗುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಪರೀಕ್ಷಿಸಿದಾಗ, ಒಂಬತ್ತು ನಿಮಿಷ ಅತಿವೇಗದ ಕಾರ್ಟೂನು ನೋಡಿದವರು ಗಮನ ಮತ್ತು ಸಂಯಮದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ನಿಧಾನಗತಿಯ ಕಾರ್ಟೂನು ನೋಡಿದವರಿಗೂ ಚಿತ್ರ ಬಿಡಿಸುತ್ತ ಕುಳಿತವರಿಗೂ ಅಂಥ ತೊಂದರೆ ಕಾಣಲಿಲ್ಲ. ಸಣ್ಣ ಪ್ರಯೋಗ, ಅಳೆದದ್ದೂ ತಕ್ಷಣದ ಪರಿಣಾಮವನ್ನಷ್ಟೇ. ಆದರೂ ಎಲ್ಲ ಕಾರ್ಟೂನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಹೇಳಲು ಅಷ್ಟು ಸಾಕು.

ಇನ್ನೊಂದು ಆಕ್ಷೇಪವಿದೆ: ಭೂತವೆಲ್ಲ ಸುಳ್ಳೆಂದು ತೋರಿಸಿದರೆ ಮಕ್ಕಳ ಕಲ್ಪನೆ ಬತ್ತುವುದಿಲ್ಲವೇ? ಸ್ಕೂಬಿ-ಡೂ ನೋಡುವ ಮಗು ಭೂತದ ಮಜಾವನ್ನು ಪೂರ್ತಿ ಅನುಭವಿಸುತ್ತದೆ, ಬೆಚ್ಚುತ್ತದೆ, ನಗುತ್ತದೆ. ಕಥೆ ಎಂದು ಗೊತ್ತಿದ್ದೂ ಸವಿಯುತ್ತದೆ. ಬತ್ತುವುದು ಹೆದರಿಕೆ ಮಾತ್ರ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ನಾಡು ನಮ್ಮದು. ವಾಮಾಚಾರ, ಅಮಾನುಷ ಆಚರಣೆಗಳ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿದ್ದೂ ಇದೇ ಕರ್ನಾಟಕ. ಆದರೆ ಕಾಯ್ದೆ ಕೆಲಸ ಶುರು ಮಾಡುವುದು ಅನಾಹುತವಾದ ಮೇಲೆ. ಪ್ರಶ್ನೆ ಕೇಳುವ ಅಭ್ಯಾಸ ಅದಕ್ಕಿಂತ ಬಹಳ ಮೊದಲೇ, ಮನೆಯಲ್ಲೇ ಬರಬೇಕು. ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಎದ್ದುಹೋಗಬೇಡಿ. ಜೊತೆಯಲ್ಲಿ ಕುಳಿತು ನೋಡಿ. ಮುಖವಾಡ ಕಳಚುವ ಮುಂಚೆ ತಡೆದು ನಿಲ್ಲಿಸಿ, ‘ಒಳಗೆ ಯಾರಿರಬಹುದು, ಯಾಕೆ ಹಾಗನ್ನಿಸಿತು?’ ಎಂದು ಕೇಳಿ. ಉತ್ತರ ತಪ್ಪಾದರೂ ಪೂರ್ತಿ ಕೇಳಿಸಿಕೊಳ್ಳಿ.