ಬೆಳ್ಳಿ ನೀರು ನಡೆದು ಬಂದ ದಾರಿ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರುವರಿ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ತಾಂಡಾಗಳಿಂದ ಬರುವ ಹಿರಿಯ ಬಂಜಾರ ಹೆಂಗಸರ ಕೂದಲಿನಿಂದ ಇಳಿಬೀಳುವ ಘುಗ್ರಿ, ಟೋಪ್ಲಿಗಳು ಬೆಳ್ಳಿಯವು. ಹೊನ್ನಾಳಿ, ಚನ್ನಗಿರಿ ಕಡೆಯ ಅನುಕೂಲಸ್ಥ ಮನೆಗಳಲ್ಲಿ ಕೂಸಿಗೆ ಹಾಲು ಕುಡಿಸುವ ಒಳಲೆಯೂ ಅನ್ನಪ್ರಾಶನದ ಬಟ್ಟಲೂ ಬೆಳ್ಳಿಯವೇ. ಬೆಳ್ಳಿ ಶುದ್ಧ, ಬೆಳ್ಳಿ ತಂಪು ಎಂಬ ನಂಬಿಕೆ ನಮ್ಮಲ್ಲಿ ಬಲು ಹಳೆಯದು.

ಆ ನಂಬಿಕೆಯ ಮೇಲೆಯೇ ಇಂದು ‘ಕೊಲಾಯ್ಡಲ್ ಸಿಲ್ವರ್’ ಎಂಬ ಬಾಟಲಿ ಬಂದು ಕುಳಿತಿದೆ. ನೀರಿನಲ್ಲಿ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ತೇಲಿಬಿಟ್ಟ ದ್ರಾವಣ ಇದು. ನೆಗಡಿಯಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಮದ್ದು ಎಂದು ಇದನ್ನು ಮಾರುವವರಿದ್ದಾರೆ. ಎರಡು ಬೆಳ್ಳಿ ತಂತಿ, ಒಂದು ಬ್ಯಾಟರಿ ಇದ್ದರೆ ಮನೆಯಲ್ಲೇ ತಯಾರಿಸಬಹುದು ಎಂದು ಹೇಳಿಕೊಡುವವರೂ ಇದ್ದಾರೆ. ಕುಡಿಯುವ ಮುನ್ನ ಇದರ ಚರಿತ್ರೆಯನ್ನು ತಿಳಿಯಬೇಕು.

ಕೂಸುಗಳ ಕಣ್ಣು ಉಳಿಸಿದ ಹನಿ

1880ರ ಸುಮಾರಿಗೆ ಜರ್ಮನಿಯ ಲೈಪ್‌ಜಿಗ್‌ನ ಹೆರಿಗೆ ಆಸ್ಪತ್ರೆಯಲ್ಲಿ ಕಾರ್ಲ್ ಕ್ರೇಡೆ ಎಂಬ ವೈದ್ಯರು ಆಗತಾನೆ ಹುಟ್ಟಿದ ಕೂಸುಗಳ ಕಣ್ಣಿಗೆ ಶೇ 2ರ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಲು ಶುರುಮಾಡಿದರು. ತಾಯಿಯಿಂದ ತಗಲುವ ಸೋಂಕಿನಿಂದ ಕುರುಡಾಗುತ್ತಿದ್ದ ಕೂಸುಗಳು ಆಗ ಬಹಳ. ನೂರರಲ್ಲಿ ಸುಮಾರು ಹತ್ತು ಕೂಸುಗಳನ್ನು ಕಾಡುತ್ತಿದ್ದ ಆ ರೋಗ ಒಂದಕ್ಕಿಂತ ಕೆಳಗಿಳಿಯಿತು. 1893ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ನೇಗೆಲಿ ಅವರ ಬರಹ ಅವರ ಮರಣಾನಂತರ ಪ್ರಕಟವಾಯಿತು. ಲೋಹದ ಅತ್ಯಲ್ಪ ಅಂಶವೂ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಬೆಳ್ಳಿಯ ಅಯಾನುಗಳು ರೋಗಾಣುವಿನ ಹೊರಪೊರೆಗೂ ಕಿಣ್ವಗಳಿಗೂ ಅಂಟಿಕೊಂಡು ಅದರ ಉಸಿರಾಟವನ್ನೇ ಕೆಡಿಸುತ್ತವೆ.

1889ರಲ್ಲಿ ಅಮೆರಿಕದ ಕೇರಿ ಲೀ ಬೆಳ್ಳಿಯ ಕಲಿಲ (ಕೊಲಾಯ್ಡಲ್) ದ್ರಾವಣ ತಯಾರಿಸುವ ವಿಧಾನ ಪ್ರಕಟಿಸಿದ್ದರು. ಕ್ರೇಡೆ ಅವರ ಮಗ ಬೆನ್ನೊ ಅದನ್ನು ವೈದ್ಯಕೀಯಕ್ಕೆ ತಂದರು. 1902ರಲ್ಲಿ ಅಮೆರಿಕದಲ್ಲಿ ಬಾರ್ನ್ಸ್ ಮತ್ತು ಹಿಲ್ಲೆ ಎಂಬಿಬ್ಬರು ‘ಆರ್ಜಿರಾಲ್’ ಎಂಬ ಬೆಳ್ಳಿ ಔಷಧ ತಂದರು. ಆದರೆ 1930ರ ದಶಕದಲ್ಲಿ ಸಲ್ಫಾ, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಅವು ದೇಹದ ಒಳಗಿನ ಸೋಂಕನ್ನು ನಿಜವಾಗಿ ಗುಣಪಡಿಸಿದವು. ಬೆಳ್ಳಿ ಔಷಧಗಳು ಹಿಂದೆ ಸರಿದದ್ದು ಈ ಕಾರಣಕ್ಕೆ. ಯಾರೋ ಮುಚ್ಚಿಟ್ಟ ರಹಸ್ಯ ಇದರಲ್ಲಿಲ್ಲ.

ಬ್ಯಾಟರಿ ಮತ್ತು ನೀಲಿ ಚರ್ಮ

1990ರ ದಶಕದಲ್ಲಿ ಅಮೆರಿಕದಲ್ಲಿ ಇದೇ ಹಳೆಯ ಸರಕು ಮನೆಮದ್ದಿನ ವೇಷದಲ್ಲಿ ಮರಳಿತು. ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಸಿ ವಿದ್ಯುತ್ ಹರಿಸಿದರೆ ಬೆಳ್ಳಿ ಅಯಾನುಗಳಾಗಿ ನೀರಿಗೆ ಇಳಿಯುತ್ತದೆ, ಒಂದಿಷ್ಟು ಕಣಗಳೂ ಆಗುತ್ತವೆ. ಎಷ್ಟು ಬೆಳ್ಳಿ ಕರಗಿತು, ಕಣ ಎಷ್ಟು ದೊಡ್ಡದು ಎಂದು ಅಡುಗೆಮನೆಯಲ್ಲಿ ತಿಳಿಯುವ ದಾರಿಯಿಲ್ಲ. ಕುಡಿದರೆ ಜಠರದ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿ ಅಯಾನುಗಳು ಬಹುಪಾಲು ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತವೆ. ರೋಗಾಣು ಕೊಲ್ಲುವ ಗುಣ ಅಲ್ಲೇ ಕುಗ್ಗುತ್ತದೆ.

ರಕ್ತಕ್ಕೆ ಸೇರುವ ಅಲ್ಪಭಾಗ ಚರ್ಮದಡಿ ಕೂರುತ್ತದೆ. ಹಳೆಯ ಫೋಟೊ ಫಿಲ್ಮಿನಲ್ಲಿ ಬೆಳಕು ಬಿದ್ದಾಗ ಬೆಳ್ಳಿಯ ಲವಣ ಕಪ್ಪಾಗುತ್ತಿತ್ತಲ್ಲ, ಚರ್ಮದಲ್ಲೂ ಬಿಸಿಲಿಗೆ ಅದೇ ಕ್ರಿಯೆ ನಡೆಯುತ್ತದೆ. ಮುಖ, ಕೈ ನೀಲಿ ಬೂದಿಬಣ್ಣಕ್ಕೆ ತಿರುಗುತ್ತವೆ. ವೈದ್ಯರು ಇದನ್ನು ‘ಆರ್ಜೀರಿಯಾ’ ಎನ್ನುತ್ತಾರೆ. ಒಮ್ಮೆ ಬಂದ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸೆನೆಟ್ ಚುನಾವಣೆಗೆ ನಿಂತಿದ್ದ ಸ್ಟ್ಯಾನ್ ಜೋನ್ಸ್ ಇದಕ್ಕೆ ಜಗತ್ತೇ ಕಂಡ ಉದಾಹರಣೆ. 2000ನೇ ಇಸವಿ ಹುಟ್ಟುವಾಗ ಕಂಪ್ಯೂಟರ್‌ಗಳು ಕೆಟ್ಟು ಔಷಧ ಸಿಗದೇ ಹೋದೀತೆಂದು ಹೆದರಿ, ಅವರು ಮನೆಯಲ್ಲೇ ಬೆಳ್ಳಿ ದ್ರಾವಣ ಮಾಡಿ ಕುಡಿದರು. ಕೊರತೆ ಬರಲಿಲ್ಲ, ಚರ್ಮದ ಬಣ್ಣ ಮಾತ್ರ ಬದಲಾಯಿತು. ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿ ದ್ರಾವಣ ಯಾವ ರೋಗಕ್ಕೂ ಸುರಕ್ಷಿತವೆಂದಾಗಲಿ ಪರಿಣಾಮಕಾರಿ ಎಂದಾಗಲಿ ಒಪ್ಪಲಾಗದು ಎಂದು ಅಲ್ಲಿನ ಔಷಧ ಆಡಳಿತ 1999ರಲ್ಲೇ ನಿಯಮ ಮಾಡಿತು.

ಭತ್ತದ ಹೊಟ್ಟಿನಲ್ಲಿ ಸಿಕ್ಕ ಜಾಗ

ಹಾಗೆಂದು ಬೆಳ್ಳಿಯ ಗುಣ ಸುಳ್ಳಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು 1960ರ ದಶಕದಿಂದ ಅಸಂಖ್ಯ ಜೀವ ಉಳಿಸಿದೆ. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಅದರ ಬಳಕೆಯಿದೆ.

ಬೆಳ್ಳಿ ಕೆಲಸಕ್ಕೆ ಬರುವ ಇನ್ನೊಂದು ಜಾಗ ನೀರಿನ ಫಿಲ್ಟರು. ಭದ್ರಾ ನಾಲೆಯ ನೀರುಂಡು ಬೆಳೆಯುವ ಚನ್ನಗಿರಿ, ಹೊನ್ನಾಳಿಯ ಭತ್ತ ಮಿಲ್ಲಿಗೆ ಹೋದಾಗ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟಾಗಿ ಉಳಿಯುತ್ತದೆ. ಆ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅದರ ತುಂಬ ಸಣ್ಣ ರಂಧ್ರಗಳು. ಪುಣೆಯಲ್ಲಿ ಟಾಟಾ ಸಂಸ್ಥೆಯ ಸಂಶೋಧಕರು ಈ ಬೂದಿಯಿಂದ ‘ಸುಜಲ್’ ಎಂಬ ಅಗ್ಗದ ಫಿಲ್ಟರ್ ಮಾಡಿದ್ದರು. ಬೂದಿಗೆ ಬೆಳ್ಳಿಯ ನ್ಯಾನೊ ಕಣ ಅಂಟಿಸಿದ ‘ಟಾಟಾ ಸ್ವಚ್ಛ್’ 2009ರ ಡಿಸೆಂಬರಿನಲ್ಲಿ ಒಂದು ಸಾವಿರ ರೂಪಾಯಿಯೊಳಗಿನ ಬೆಲೆಗೆ ಮಾರುಕಟ್ಟೆಗೆ ಬಂತು. ಕರೆಂಟು ಬೇಡ, ನಲ್ಲಿ ಸಂಪರ್ಕ ಬೇಡ. ಇಲ್ಲಿ ಬೆಳ್ಳಿ ರೋಗಾಣುವನ್ನು ಕೊಲ್ಲುವುದು ಫಿಲ್ಟರಿನೊಳಗೆ. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನಕ. ಮನೆಯಲ್ಲಿ ತಯಾರಿಸಿದ ಬಾಟಲಿಯ ಮೇಲೆ ಇಂಥ ಯಾವ ಲಗಾಮೂ ಇಲ್ಲ.

ಜಗಳೂರಿನ ಪ್ರಶ್ನೆ

ಜಗಳೂರಿಗೆ ಬಂದರೆ ಈ ಲೋಹದ ಮಿತಿ ಸ್ಪಷ್ಟವಾಗಿ ಕಾಣುತ್ತದೆ. ಮಳೆ ಕಡಿಮೆಯ ಈ ತಾಲ್ಲೂಕಿನ ಬೋರ್‌ವೆಲ್ ನೀರಿನ ದೊಡ್ಡ ಪೀಡೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲನ್ನು ಕಂದಿಸುತ್ತದೆ, ಹೆಚ್ಚಾದರೆ ಮೂಳೆ ಬಗ್ಗಿಸುತ್ತದೆ. ಅದು ಕಲ್ಲಿನಿಂದ ನೀರಿಗೆ ಇಳಿದ ಲವಣ, ಜೀವಿಯಲ್ಲ. ಬೆಳ್ಳಿಯಾಗಲಿ ಕುದಿಸುವುದಾಗಲಿ ಅದನ್ನು ತೆಗೆಯಲಾರದು. ಅಲ್ಲಿ ಕೆಲಸಕ್ಕೆ ಬರುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ, ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯಂಥ ಸಾರ್ವಜನಿಕ ದುಡಿಮೆ.

ಒಳಲೆ, ಬಟ್ಟಲು, ಘುಗ್ರಿ ನಮ್ಮ ಹಿರಿಯರ ಪ್ರೀತಿಯ ಆಸ್ತಿ. ಅವು ಇರಲಿ, ಬಳಕೆಯಾಗಲಿ. ಬೆಳ್ಳಿಯನ್ನು ಬ್ಯಾಟರಿಗೆ ಕಟ್ಟಿ ಕರಗಿಸಿ ಕುಡಿಯುವುದು ಆ ಪರಂಪರೆಯಲ್ಲ, ಹಲವು ದಶಕಗಳ ಹಿಂದೆಯೇ ಉತ್ತಮ ಔಷಧಗಳೆದುರು ಸೋತ ಮದ್ದು. ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ನೀರಿನ ಬಗ್ಗೆ ಅನುಮಾನವಿದ್ದರೆ ಒಂದು ಬಾಟಲಿ ತುಂಬಿಸಿ ಪರೀಕ್ಷೆಗೆ ಕೊಡೋಣ, ವರದಿಯನ್ನು ಗ್ರಾಮಸಭೆಯಲ್ಲಿ ಕೇಳಿ ಪಡೆಯೋಣ. ನೀರಿನಲ್ಲಿ ಏನಿದೆ ಎಂದು ತಿಳಿದ ಊರು ಸರಿಯಾದ ಮದ್ದನ್ನೇ ಕೇಳುತ್ತದೆ.