ಕಾಲೇಜಿನಲ್ಲಿ ನಿಮಗಾಗಿ ಕಾಯುವವರು ಯಾರು?

ಶಿವಾಜಿನಗರ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ಬೆಂಗಳೂರಿನ ರಸೆಲ್ ಮಾರ್ಕೆಟ್ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಪುಣೆಯ ಶಿವಾಜಿನಗರದ ವಿಷಯ. ಫರ್ಗ್ಯುಸನ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಎಲ್ಲ ಆ ಸುತ್ತಮುತ್ತಲೇ ಇವೆ. ಗಡಿ ಜಿಲ್ಲೆಗಳ ನಮ್ಮ ಮಕ್ಕಳೂ ಓದಲಿಕ್ಕೆ ಅತ್ತ ಹೋಗುತ್ತಾರೆ.

ನೀವೂ ಹಾಗೆ ಊರು ಬಿಟ್ಟು ಹೋದ ವಿದ್ಯಾರ್ಥಿಯೇ? ಹಾಗಿದ್ದರೆ ಒಂದು ಪ್ರಶ್ನೆ. ನಾಳೆ ನೀವು ಕಾಲೇಜಿಗೆ ಹೋಗದಿದ್ದರೆ ಯಾರ ಕೆಲಸವಾದರೂ ನಿಲ್ಲುತ್ತದೆಯೇ? ಬಹುಮಂದಿಯ ಉತ್ತರ 'ಇಲ್ಲ' ಎಂದೇ. ಹಾಜರಿ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ, ಅಷ್ಟೇ. ರೂಮಿನಲ್ಲಿ ಒಬ್ಬರೇ ಕೂತು ಮನಸ್ಸು ಕುಗ್ಗುವುದಕ್ಕೆ ಅಂಕಗಳ ಭಯ ಎಷ್ಟು ಕಾರಣವೋ, 'ನಾನು ಯಾರಿಗೂ ಬೇಕಾಗಿಲ್ಲ' ಅನ್ನುವ ಭಾವನೆಯೂ ಅಷ್ಟೇ ಕಾರಣ ಎಂದು ನನಗನ್ನಿಸುತ್ತದೆ.

ಶಿವಾಜಿನಗರದ ಆ ಇಂಜಿನಿಯರಿಂಗ್ ಕಾಲೇಜು 1854ರಲ್ಲಿ ಶುರುವಾದದ್ದು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇಂಜಿನಿಯರ್ ಆದದ್ದು ಅಲ್ಲಿಯೇ. ಆಗ ಅದಕ್ಕೆ ಕಾಲೇಜ್ ಆಫ್ ಸೈನ್ಸ್ ಎಂಬ ಹೆಸರಿತ್ತು. (ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಅವರು ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ತಮ್ಮ ಓದು ನಡೆಸಿಕೊಂಡವರು. ಬಡತನಕ್ಕೆ ಮಾಡಿದ್ದು ನಿಜ. ಆದರೆ ಇನ್ನೊಬ್ಬರಿಗೆ ಹೇಳಿಕೊಟ್ಟಾಗ ನಮಗೆ ಎಷ್ಟು ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ.) ಇದೇ ಕಾಲೇಜಿನ ವಿದ್ಯಾರ್ಥಿಗಳು 2008ರಲ್ಲಿ ಒಂದು ಪುಟ್ಟ ಉಪಗ್ರಹ ಕಟ್ಟಲು ಹೊರಟರು. ಹೆಸರು 'ಸ್ವಯಂ'. ಹತ್ತು ಸೆಂಟಿಮೀಟರಿನ ಡಬ್ಬಿ, ತೂಕ ಸುಮಾರು ಒಂದು ಕೆ.ಜಿ. ಒಂದು ಊರಿನ ಸಂದೇಶವನ್ನು ರೇಡಿಯೋ ಮೂಲಕ ಇನ್ನೊಂದು ಊರಿಗೆ ತಲುಪಿಸುವುದು ಅದರ ಕೆಲಸ. 2016ರ ಜೂನ್ 22ರಂದು ಶ್ರೀಹರಿಕೋಟಾದಿಂದ ಇಸ್ರೋದ ಪಿಎಸ್‌ಎಲ್‌ವಿ-ಸಿ34 ಅದನ್ನು ಹೊತ್ತು ಹಾರಿತು.

ಲೆಕ್ಕ ಹಾಕಿ ನೋಡಿ. ಎಂಟು ವರ್ಷ. ಡಿಗ್ರಿ ಇರುವುದು ನಾಲ್ಕು ವರ್ಷ. ಅಂದರೆ ಶುರು ಮಾಡಿದವರು ಅದು ಹಾರುವಷ್ಟರಲ್ಲಿ ಕಾಲೇಜು ಬಿಟ್ಟು ಹೋಗಿದ್ದರು! ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಟ್ಟು, ಬರೆದಿಟ್ಟು ಹೋಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಇಂಥ ಕಡೆ ನೀವು ಮಾಡಿದ ತಪ್ಪನ್ನು ಮುಚ್ಚಿಡುವ ಹಾಗಿಲ್ಲ, ಮುಚ್ಚಿಟ್ಟರೆ ಮುಂದಿನವನ ಕೆಲಸ ಕೆಡುತ್ತದೆ. ಪರೀಕ್ಷೆಯ ತಪ್ಪು ಅವಮಾನ ಅನ್ನಿಸುತ್ತದೆ. ಇಲ್ಲಿಯ ತಪ್ಪು ಎಲ್ಲರೂ ಕೂತು ಬಿಡಿಸುವ ಗಂಟು. ಮನಸ್ಸಿಗೆ ಈ ಎರಡರ ನಡುವೆ ಬಹಳ ವ್ಯತ್ಯಾಸವಿದೆ.

ಹಾಗಂತ ಇದು ಔಷಧಿ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಎಲ್ಲರೂ ಉಪಗ್ರಹ ಕಟ್ಟಬೇಕಿಲ್ಲ. ಎನ್‌ಎಸ್‌ಎಸ್ ಇದೆಯಲ್ಲ, 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಮಂತ್ರಿ, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದ ವಿ.ಕೆ.ಆರ್.ವಿ. ರಾವ್. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಏಳು ದಿನದ ಶಿಬಿರ. ಆದರೆ ಪೊರಕೆ ಹಿಡಿದು ಫೋಟೋ ತೆಗೆಸಿ, ಸರ್ಟಿಫಿಕೇಟ್ ತೆಗೆದುಕೊಂಡು ಬಂದರೆ ಅದರಲ್ಲಿ ಕಲಿಕೆ ಎಲ್ಲಿ ಬಂತು? ಅದೇ ವಿದ್ಯಾರ್ಥಿ ಒಂದು ಗಲ್ಲಿಯ ಮನೆಮನೆಗೆ ಹೋಗಿ, ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ ಅಂತ ಬರೆದುಕೊಂಡು, ಆ ಅಂಕಿಗಳನ್ನೇ ಸಂಖ್ಯಾಶಾಸ್ತ್ರದ ಕ್ಲಾಸಿಗೆ ತರಲಿ. ಅಲ್ಲಿ ಲೆಕ್ಕ ಮಾಡಿ, ಕಾರ್ಪೊರೇಟರ್ ಮುಂದೆ ಇಡಲಿ. ಪಾಠವೂ ಆಯಿತು, ತನ್ನ ವಾರ್ಡಿನಲ್ಲಿ ಯಾವ ಅರ್ಜಿ ಯಾರ ಟೇಬಲಿಗೆ ಹೋಗುತ್ತದೆ ಅನ್ನುವುದೂ ತಿಳಿಯಿತು. ಪೌರತ್ವ ಅಂದರೆ ಓಟು ಹಾಕುವುದಷ್ಟೇ ಅಲ್ಲ ತಾನೇ?

ದುಡ್ಡಿನ ಕಷ್ಟ ಇರುವವರಿಗೆ ಪುಣೆ ವಿಶ್ವವಿದ್ಯಾಲಯದಲ್ಲಿ 'ಗಳಿಸುತ್ತಾ ಕಲಿ' ಯೋಜನೆ ಇದೆ, ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನಲ್ಲಿ. ದಿನಕ್ಕೆ ಒಂದಿಷ್ಟು ಹೊತ್ತು ಕೆಲಸ, ಅದಕ್ಕೆ ಕೂಲಿ. ತಿಂಗಳ ಕೊನೆಗೆ ಮನೆಗೆ ಫೋನ್ ಮಾಡಿ ದುಡ್ಡು ಕೇಳುವಾಗ ಗಂಟಲು ಕಟ್ಟುತ್ತದಲ್ಲ, ಅದು ಗೊತ್ತಿದ್ದವರಿಗೆ ಈ ಯೋಜನೆಯ ಬೆಲೆ ಗೊತ್ತಾಗುತ್ತದೆ.

ಇನ್ನು ತಂದೆತಾಯಿಗಳಿಗೆ. ನಮ್ಮ ಮನೆಗಳಲ್ಲಿ ಒಂದು ಮಾತು ಕಾಯಂ: "ಓದು, ಬಾ. ಬೇರೆ ಉಸಾಬರಿ ಬೇಡ." ಹೆಣ್ಣುಮಕ್ಕಳಿಗಂತೂ ಇನ್ನೂ ಜಾಸ್ತಿ. ಈ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಇವತ್ತಿನ ಕಾಲದಲ್ಲಿ ನಮ್ಮ ಹೆಸರಿನ ಹುಡುಗ ಮುಂದೆ ನಿಂತರೆ ಏನಾದೀತೋ ಅಂತ ಅಬ್ಬಾ-ಅಮ್ಮಿಗೆ ಅನ್ನಿಸುವುದಕ್ಕೆ ಕಾರಣಗಳಿವೆ. ಆದರೆ ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಶಿಬಿರದಲ್ಲಿ ಏಳು ದಿನ ಒಟ್ಟಿಗೆ ಉಂಡು ಮಲಗಿ ಎದ್ದರೆ, ಎರಡೂ ಕಡೆಯ ಭಯ ಸ್ವಲ್ಪವಾದರೂ ಇಳಿಯುತ್ತದೆ. ರೂಮಿನೊಳಗೆ ಕೂತರೆ ಅದು ಇಳಿಯುವುದು ಹೇಗೆ?

ಈ ಭಾನುವಾರ ಫೋನ್ ಮಾಡಿದಾಗ ಮಾರ್ಕ್ಸ್ ಎಷ್ಟು ಅಂತ ಆಮೇಲೆ ಕೇಳಿ. ಮೊದಲು, "ಈ ವಾರ ಯಾರ ಜೊತೆ ಸೇರಿ ಏನು ಮಾಡಿದೆ ಬೇಟಾ?" ಅಂತ ಕೇಳಿ ನೋಡಿ. ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಗಬಹುದು, ಫೋನ್ ಇಡಬೇಡಿ.