ಬಿಪಿ ಮಾತ್ರೆ: ನಿಮಗಿದು ಗೊತ್ತೇ?

★ ಬಿಪಿ ಮಾತ್ರೆಗಳ ಬಲಾಬಲ ನೋಡಿದ ಅತಿ ದೊಡ್ಡ ಪರೀಕ್ಷೆಗಳಲ್ಲೊಂದು ಅಮೆರಿಕದ ‘ಆಲ್‌ಹ್ಯಾಟ್’. 55 ದಾಟಿದ 42,000ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. 2002ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತ ತಡೆಯುವುದರಲ್ಲಿ ಅಮ್ಲೋಡಿಪಿನ್, ಲಿಸಿನೊಪ್ರಿಲ್, ಕ್ಲೋರ್‌ಥಾಲಿಡೋನ್ ಮೂರೂ ಸಮಸಮ. ಆದರೆ ಹೃದಯ ವೈಫಲ್ಯ ತಡೆಯುವುದರಲ್ಲಿ ಮುಂದಿದ್ದದ್ದು, ಉಪ್ಪು-ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಕ್ಲೋರ್‌ಥಾಲಿಡೋನ್. ಮೂರರಲ್ಲಿ ಅದೇ ಹಳೆಯದು, ಆಗ ಅದೇ ಅಗ್ಗದ್ದೂ ಆಗಿತ್ತು! ನಾಲ್ಕನೆಯ ಔಷಧ ಡಾಕ್ಸಜೋಸಿನ್ ನುಂಗಿದವರಲ್ಲಿ ಹೃದಯ ವೈಫಲ್ಯ ಸುಮಾರು ಎರಡು ಪಟ್ಟು ಕಂಡದ್ದರಿಂದ ಅದನ್ನು 2000ದಲ್ಲೇ ಕೈಬಿಟ್ಟಿದ್ದರು. ಬಿಪಿ ಇಳಿಸಿದರಷ್ಟೇ ಸಾಲದು, ಹೃದಯವನ್ನೂ ಕಾಯಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪರೀಕ್ಷೆಗಳು ಕಡಿಮೆ.

★ ‘ಪ್ರಿಲ್’ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಹಾವಿನ ವಿಷದ ಅಧ್ಯಯನದಿಂದ.

★ ರಾಮಿಪ್ರಿಲ್, ಎನಾಲಾಪ್ರಿಲ್ ನುಂಗುವವರಲ್ಲಿ ಹತ್ತರಲ್ಲೊಬ್ಬರಿಗಾದರೂ ಒಣಕೆಮ್ಮು ಬರಬಹುದು. ಅದಕ್ಕೆ ಕೆಮ್ಮಿನ ಸಿರಪ್ ಕುಡಿದು ಫಲವಿಲ್ಲ. ವೈದ್ಯರು ಟೆಲ್ಮಿಸಾರ್ಟನ್, ಲೊಸಾರ್ಟನ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಅಮ್ಲೋಡಿಪಿನ್‌ನಿಂದ ಕೆಮ್ಮಿಲ್ಲ, ಆದರೆ ಕೆಲವರಿಗೆ ಪಾದ ಊದುತ್ತದೆ.

★ ‘ಪ್ರಿಲ್’, ‘ಸಾರ್ಟನ್’ ಎರಡನ್ನೂ ಒಟ್ಟಿಗೆ ನುಂಗಿದರೆ ಇಮ್ಮಡಿ ಲಾಭವೇ? ಇಲ್ಲ. 2008ರ ‘ಆನ್‌ಟಾರ್ಗೆಟ್’ ಪರೀಕ್ಷೆಯಲ್ಲಿ ಹೆಚ್ಚಿದ್ದು ಲಾಭವಲ್ಲ, ಅಡ್ಡಪರಿಣಾಮ. ಮೂತ್ರಪಿಂಡಕ್ಕೂ ಪೆಟ್ಟು ಬಿತ್ತು.

★ ಗರ್ಭಿಣಿಯರಿಗೆ ಈ ಎರಡು ಗುಂಪೂ ನಿಷಿದ್ಧ; ಮಗುವಿನ ಮೂತ್ರಪಿಂಡಕ್ಕೆ ಅಪಾಯ. ಅವರಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಕೊಡುತ್ತಾರೆ. ಬಿಪಿ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳು ಮಗುವಿನ ಯೋಚನೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಲೇಬೇಕು.

★ ನಮ್ಮ ಸರ್ಪಗಂಧದ ಗಿಡವೂ ಬಿಪಿ ಮದ್ದಿನ ಚರಿತ್ರೆಯಲ್ಲಿದೆ. ಮುಂಬೈನ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತೇ ಇತ್ತ ತಿರುಗಿ ನೋಡಿತು.

★ ಭಾರತೀಯರ ಮೇಲೇ ನಡೆದ ‘ಟಾಪ್‌ಸ್ಪಿನ್’ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಅಮ್ಲೋಡಿಪಿನ್, ಪೆರಿಂಡೊಪ್ರಿಲ್, ಇಂಡಪಮೈಡ್: ಇವುಗಳಲ್ಲಿ ಯಾವ ಎರಡನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದರೂ ಬಿಪಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು.

★ ಬೆಳಿಗ್ಗೆಯೋ ರಾತ್ರಿಯೋ? 2022ರಲ್ಲಿ ಬ್ರಿಟನ್‌ನ 21,000ಕ್ಕೂ ಹೆಚ್ಚು ಜನರ ಪರೀಕ್ಷೆ ಹೇಳಿದ್ದು: ವ್ಯತ್ಯಾಸವಿಲ್ಲ. ಮರೆಯದ ಹೊತ್ತೇ ಒಳ್ಳೆಯ ಹೊತ್ತು.

★ ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಿಪಿ ಏರಿಸಬಲ್ಲವು. ಬಿಪಿ ಮಾತ್ರೆಯ ಕೆಲಸವನ್ನೂ ತಗ್ಗಿಸುತ್ತವೆ.

★ ಅಟೆನಲಾಲ್, ಕ್ಲೋನಿಡಿನ್‌ನಂಥವನ್ನು ಥಟ್ಟನೆ ನಿಲ್ಲಿಸಿದರೆ ಬಿಪಿ ಜಿಗಿಯಬಹುದು, ಹೃದಯಕ್ಕೆ ಅಪಾಯವಾಗಬಹುದು. ಬಿಪಿ ಸರಿಯಾಯಿತೆಂದು ನೀವಾಗಿಯೇ ಬಿಡಬೇಡಿ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ಕೇಳಿ ತಂದು ನುಂಗಲೂಬೇಡಿ, ದಯವಿಟ್ಟು.